ಬಸ್ಸು ಓಡ್ತಿದೆ, ಒಟ್ಟು ಬಲ ಮಾತ್ರ ಸೊನ್ನೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಬಲ, ಜಡತ್ವ, ಸಮತೋಲನ ಈ ಮೂರರ ಬಗ್ಗೆ ಏನು ಅನುಮಾನ ಇದ್ದರೂ ಬರೆಯಿರಿ ಅಂತ ಹೋದ ಸಲ ಕೇಳಿದ್ದೆ. ಚೆನ್ನಾಗಿ ಬರೆದಿದ್ದೀರಿ. ಪಾಠದ ಪ್ರಶ್ನೆಗಳಿಗಿಂತ ಮನೆಯ, ಬಸ್ಸಿನ, ಜಾತ್ರೆಯ ಪ್ರಶ್ನೆಗಳೇ ಜಾಸ್ತಿ ಬಂದಿವೆ, ಅದು ನನಗೆ ತುಂಬಾ ಖುಷಿ ಕೊಟ್ಟಿತು. ಮೊದಲನೆಯ ಪತ್ರಕ್ಕೆ ಸ್ವಲ್ಪ ಉದ್ದ ಉತ್ತರ ಕೊಟ್ಟಿದ್ದೇನೆ. ಅದೊಂದು ಗಟ್ಟಿಯಾದರೆ ಮುಂದಿನದೆಲ್ಲ ತಾನಾಗೇ ಬಿಡಿಸಿಕೊಳ್ಳುತ್ತದೆ.

ಪ್ರಶ್ನೆ: ಮೇಡಂ, ನಾನು ಮೊದಲ ಪಿಯುಸಿ. ಟೆಸ್ಟಿನಲ್ಲಿ ಒಂದು ಪ್ರಶ್ನೆ ಬಂದಿತ್ತು. ನೇರ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಂದೇ ಸಮನೆ ಹೋಗುತ್ತಿರುವ ಬಸ್ಸಿನ ಮೇಲೆ ಒಟ್ಟು ಬಲ ಎಷ್ಟು ಅಂತ. ನಾನು 'ಎಂಜಿನ್ನಿನ ಬಲದಷ್ಟು' ಎಂದು ಬರೆದೆ. ಸರಿಯುತ್ತರ ಸೊನ್ನೆ ಅಂತೆ. ಬಲ ಸೊನ್ನೆ ಆದರೆ ಬಸ್ಸು ನಿಲ್ಲಬೇಕಲ್ವಾ? ಡ್ರೈವರ್ ಆಕ್ಸಿಲರೇಟರ್ ಮೇಲಿಂದ ಕಾಲೇ ತೆಗೆದಿರುವುದಿಲ್ಲ.
(ವಿದ್ಯಾರ್ಥಿ, ದಾವಣಗೆರೆ)

ಉತ್ತರ: ನೋಡು ಮರಿ, ನಿನ್ನ ಉತ್ತರ ತಪ್ಪು, ಆದರೆ ನಿನ್ನ ಅನುಮಾನ ಬಹಳ ಒಳ್ಳೆಯದು. ಗ್ರೀಸಿನ ಅರಿಸ್ಟಾಟಲ್ ಕೂಡ ನಿನ್ನ ಹಾಗೇ ಯೋಚಿಸಿದ್ದ. ತಳ್ಳುತ್ತಾ ಇದ್ದರೆ ಗಾಡಿ ಹೋಗುತ್ತದೆ, ಕೈಬಿಟ್ಟರೆ ನಿಲ್ಲುತ್ತದೆ, ಹಾಗಾಗಿ ಓಡಲಿಕ್ಕೆ ಬಲ ಬೇಕು ಅಂತ. ಹೆಚ್ಚುಕಡಿಮೆ 2,000 ವರ್ಷ ಇದೇ ಮಾತು ನಡೆಯಿತು. ದಿನಾ ಎತ್ತಿನ ಗಾಡಿ ನೋಡುವವರಿಗೆ ಬೇರೆ ಏನು ಅನ್ನಿಸಬೇಕು ಹೇಳು.

ಮನೆಯಲ್ಲಿ ಕೇರಂ ಬೋರ್ಡ್ ಇದ್ದರೆ ತೆಗಿ. ಪೌಡರ್ ಹಾಕದೆ, ಬೋರ್ಡ್ ಸ್ವಲ್ಪ ಅಂಟಂಟಾಗಿರುವಾಗಲೇ ಸ್ಟ್ರೈಕರನ್ನು ಮೆಲ್ಲಗೆ ಹೊಡಿ. ಒಂದು ಗೇಣು ಹೋಗಿ ನಿಲ್ಲುತ್ತದೆ. ಬೋರ್ಡನ್ನು ಚೆನ್ನಾಗಿ ಒರೆಸಿ, ಪೌಡರ್ ಉದುರಿಸಿ, ಅಷ್ಟೇ ಮೆಲ್ಲಗೆ ಇನ್ನೊಂದು ಸಲ ಹೊಡಿ. ಎದುರಿನ ಪಟ್ಟಿಗೆ ತಾಗಿ ವಾಪಸ್ ಬರುತ್ತದೆ. ನಿನ್ನ ಬೆರಳು ಎರಡು ಸಲವೂ ಸ್ಟ್ರೈಕರನ್ನು ಮುಟ್ಟಿದ್ದು ಒಂದು ಕ್ಷಣ ಮಾತ್ರ. ಆಮೇಲೆ ಅದನ್ನು ಯಾರೂ ತಳ್ಳಲಿಲ್ಲ. ಹಾಗಾದರೆ ಎರಡನೇ ಸಲ ಅಷ್ಟು ದೂರ ಹೋಗಿದ್ದು ಹೇಗೆ? ತಳ್ಳುವುದು ಹೆಚ್ಚಾಗಲಿಲ್ಲ, ತಡೆಯುವುದು ಕಡಿಮೆಯಾಯಿತು. ಈಗ ತಡೆ ಪೂರ್ತಿ ಇಲ್ಲದ, ಅಂಚೇ ಇಲ್ಲದ ಒಂದು ಬೋರ್ಡನ್ನು ಮನಸ್ಸಿನಲ್ಲೇ ನೆನೆಸಿಕೋ. ಸ್ಟ್ರೈಕರ್ ಯಾಕೆ ನಿಲ್ಲಬೇಕು? ಕಾರಣವೇ ಇಲ್ಲ. ಇಟಲಿಯ ಗೆಲಿಲಿಯೋ ಇಳಿಜಾರು ಹಲಗೆಯ ಮೇಲೆ ಗುಂಡುಗಳನ್ನು ಉರುಳಿಸಿ ಇದೇ ದಾರಿಯಲ್ಲಿ ಯೋಚಿಸಿದ. ನ್ಯೂಟನ್ 1687ರಲ್ಲಿ ಅದನ್ನು ತನ್ನ ಮೊದಲ ನಿಯಮವಾಗಿ ಬರೆದ. ನಿಂತದ್ದು ನಿಂತೇ ಇರುತ್ತದೆ, ಹೋಗುತ್ತಿರುವುದು ನೇರ ದಾರಿಯಲ್ಲಿ ಅದೇ ವೇಗದಲ್ಲಿ ಹೋಗುತ್ತಲೇ ಇರುತ್ತದೆ, ಹೊರಗಿನ ಬಲವೊಂದು ಅದನ್ನು ಬದಲಿಸುವ ತನಕ. ಈ ಗುಣಕ್ಕೇ ಜಡತ್ವ ಅನ್ನುವುದು.

ಈಗ ಬಸ್ಸಿಗೆ ಬಾ. ಎಂಜಿನ್ ಚಕ್ರ ತಿರುಗಿಸುತ್ತದೆ, ಟೈರು ರಸ್ತೆಯನ್ನು ಹಿಂದಕ್ಕೆ ಒತ್ತುತ್ತದೆ, ರಸ್ತೆ ಬಸ್ಸನ್ನು ಮುಂದಕ್ಕೆ ತಳ್ಳುತ್ತದೆ. ಇದು ಮುಂದಿನ ಬಲ. ಎದುರಿಗೆ ಗಾಳಿ ತಡೆಯುತ್ತದೆ, ಉರುಳುವ ಟೈರು ನೆಲದ ಮೇಲೆ ಒತ್ತಿ ಅಗಲವಾಗುತ್ತಾ ಇರುವುದರಿಂದ ಅದೂ ಒಂದಿಷ್ಟು ತಡೆಯುತ್ತದೆ. ಇದು ಹಿಂದಿನ ಬಲ. 60ರಲ್ಲಿ ಒಂದೇ ಸಮನೆ ಹೋಗುತ್ತಿದೆ ಅಂದರೆ ಎರಡೂ ಸರಿಸಮ ಇವೆ ಅಂತ ಅರ್ಥ. ಕೂಡಿ ಕಳೆದರೆ ಸೊನ್ನೆ. ಡ್ರೈವರ್ ಕಾಲು ಇನ್ನಷ್ಟು ಒತ್ತಿದರೆ ಮುಂದಿನ ಬಲ ಸ್ವಲ್ಪ ಹೊತ್ತು ಹೆಚ್ಚಾಗುತ್ತದೆ, ವೇಗ ಏರುತ್ತದೆ, ವೇಗದ ಜೊತೆಗೆ ಗಾಳಿಯ ತಡೆಯೂ ಏರುತ್ತದೆ (60ರಿಂದ 80ಕ್ಕೆ ಹೋದರೆ ಗಾಳಿಯ ತಡೆ ಸುಮಾರು 1.8 ಪಟ್ಟು ಆಗುತ್ತದೆ), ಕೊನೆಗೆ ಮತ್ತೆ ಎರಡೂ ಸಮ ಆದ ಕಡೆ ವೇಗ ಏರುವುದು ನಿಲ್ಲುತ್ತದೆ. ಎಂಜಿನ್ನಿನ ಕೆಲಸ ಆ ತಡೆಯನ್ನು ಸರಿದೂಗಿಸುವುದು. ತಡೆಯೇ ಇಲ್ಲದಿದ್ದರೆ ಎಂಜಿನ್ ಆಫ್ ಮಾಡಿ ಹೋಗಬಹುದಿತ್ತು. 1977ರಲ್ಲಿ ಹೊರಟ ವಾಯೇಜರ್ 1 ನೌಕೆ ಇವತ್ತೂ ಸೆಕೆಂಡಿಗೆ ಸುಮಾರು 17 ಕಿ.ಮೀ. ವೇಗದಲ್ಲಿ ಹೋಗುತ್ತಿದೆ, ಅದನ್ನು ಹಿಂದಿನಿಂದ ಯಾವ ಎಂಜಿನ್ನೂ ತಳ್ಳುತ್ತಿಲ್ಲ.

ಒಂದು ಮಾತು ಬರೆದಿಟ್ಟುಕೋ. ಬಲ ಬೇಕಾಗುವುದು ಚಲನೆ ಬದಲಾಗಲಿಕ್ಕೆ. ಹಾಗಾಗಿ ಡಿಪೋದಲ್ಲಿ ನಿಂತ ಬಸ್ಸಿನ ಮೇಲೂ ಒಟ್ಟು ಬಲ ಸೊನ್ನೆ, ಹೈವೇಯಲ್ಲಿ 60ರಲ್ಲಿ ನೇರ ಹೋಗುವ ಬಸ್ಸಿನ ಮೇಲೂ ಸೊನ್ನೆ. ಎರಡೂ ಸಮತೋಲನವೇ. ಪರೀಕ್ಷೆಯಲ್ಲಿ 'ನೇರ' ಮತ್ತು 'ಒಂದೇ ಸಮನೆ' ಎರಡೂ ಇವೆಯಾ ಅಂತ ನೋಡು. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಮೀಟರು 30ರಲ್ಲೇ ಅಲುಗಾಡದೆ ನಿಂತಿದ್ದರೂ ಒಟ್ಟು ಬಲ ಸೊನ್ನೆ ಅಲ್ಲ. ದಿಕ್ಕು ಬದಲಾಗುತ್ತಿದೆಯಲ್ಲ, ಅದೂ ಬದಲಾವಣೆಯೇ.

ಪ್ರಶ್ನೆ: ಬಸ್ಸು ಗಕ್ಕನೆ ಬ್ರೇಕ್ ಹಾಕಿದಾಗ ನಮ್ಮನ್ನು ಮುಂದಕ್ಕೆ ತಳ್ಳುವುದು ಯಾವ ಬಲ? ಇನ್ನೊಂದು, ಕಾರಿನಲ್ಲಿ ಮುಂದಿನ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಗಟ್ಟಿಯಾಗಿ ಹಿಡಿದುಕೊಂಡರೆ ಸಾಕಲ್ವಾ?
(ಒಬ್ಬ ತಾಯಿ, ತುಮಕೂರು)

ಉತ್ತರ: ಮೊದಲನೆಯದಕ್ಕೆ ಉತ್ತರ: ಯಾವ ಬಲವೂ ಇಲ್ಲ. ಯಾರೂ ನಿಮ್ಮನ್ನು ತಳ್ಳಲಿಲ್ಲ. ನೀವು ಬಸ್ಸಿನ ಜೊತೆ ಹೋಗುತ್ತಿದ್ದಿರಿ. ಬ್ರೇಕು ಬಸ್ಸನ್ನು ಹಿಡಿಯಿತು, ನಿಮ್ಮ ಪಾದವನ್ನು ನೆಲ ಹಿಡಿಯಿತು. ಮೇಲಿನ ಮೈಯನ್ನು ಯಾರೂ ಹಿಡಿಯಲಿಲ್ಲ, ಅದು ಮೊದಲಿನ ವೇಗದಲ್ಲೇ ಮುಂದೆ ಹೋಯಿತು. ಮೇಲಿನ ಕಂಬಿ ಹಿಡಿದುಕೊಂಡಾಗ ಅದು ನಿಮ್ಮನ್ನು ಹಿಂದಕ್ಕೆ ಎಳೆಯುತ್ತದೆ, ನಿಮ್ಮ ವೇಗ ಕಡಿಮೆ ಮಾಡುವುದು ಆ ಎಳೆತ. ಬಸ್ಸು ಹೊರಡುವಾಗ ಹಿಂದಕ್ಕೆ ವಾಲುವುದೂ ಇದೇ ಲೆಕ್ಕ, ಅಲ್ಲಿ ಪಾದ ಮುಂದೆ ಹೋಗುತ್ತದೆ, ಮೈ ನಿಂತಲ್ಲೇ ಉಳಿಯಲು ನೋಡುತ್ತದೆ.

ಎರಡನೆಯ ಪ್ರಶ್ನೆಗೆ ದಯವಿಟ್ಟು ನನ್ನ ಜೊತೆ ಕೂತು ಲೆಕ್ಕ ಮಾಡಿ. ಕಾರು ಗಂಟೆಗೆ 40 ಕಿ.ಮೀ. ವೇಗದಲ್ಲಿದೆ. ಊರೊಳಗೆ ಎಲ್ಲರೂ ಹೋಗುವ ವೇಗ. ಸೆಕೆಂಡಿಗೆ ಸುಮಾರು 11 ಮೀಟರ್ ಆಯಿತು. ಕಾರು ಏನಕ್ಕೋ ಗುದ್ದಿ ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಅಂತಿಟ್ಟುಕೊಳ್ಳಿ. ಮಗು 10 ಕೆ.ಜಿ. ಆ ಹೊತ್ತಿಗೆ ಮಗುವನ್ನೂ ಕಾರಿನ ಜೊತೆಗೇ ನಿಲ್ಲಿಸಬೇಕಾದರೆ ನಿಮ್ಮ ಕೈಗಳು ಕೊಡಬೇಕಾದ ಬಲ 1,100 ನ್ಯೂಟನ್. ನ್ಯೂಟನ್ ಅಂದರೆ ಅಂದಾಜಾಗದಿದ್ದರೆ ಹೀಗೆ ನೋಡಿ. 50 ಕೆ.ಜಿ.ಯ ಎರಡು ಅಕ್ಕಿ ಮೂಟೆ, ಅದರ ಮೇಲೆ ಇನ್ನೊಂದು 10 ಕೆ.ಜಿ. ಚೀಲ, ಇಷ್ಟನ್ನು ಒಂದೇ ಏಟಿಗೆ, ಮುನ್ಸೂಚನೆ ಇಲ್ಲದೆ, ಎರಡು ತೋಳಿನಲ್ಲಿ ತಡೆದು ಹಿಡಿಯಬೇಕು. ಯಾವ ತಾಯಿಯ ಕೈಯಲ್ಲೂ ಆಗುವುದಿಲ್ಲ. ಪ್ರೀತಿ ಎಷ್ಟೇ ಇರಲಿ, ಹಿಡಿತ ಎಷ್ಟೇ ಗಟ್ಟಿ ಇರಲಿ, ಮಗು ಕೈಯಿಂದ ಜಾರಿ ಡ್ಯಾಶ್‌ಬೋರ್ಡಿಗೋ ಗಾಜಿಗೋ ಹೋಗಿ ಬಡಿಯುತ್ತದೆ. ನಿಮಗೂ ಬೆಲ್ಟ್ ಇಲ್ಲದಿದ್ದರೆ ಹಿಂದಿನಿಂದ ನಿಮ್ಮ ಭಾರವೂ ಮಗುವಿನ ಮೇಲೇ ಬೀಳುತ್ತದೆ. ಮಗುವಿಗೆ ಹಿಂದಿನ ಸೀಟಿನಲ್ಲಿ ಅದರದ್ದೇ ಚಿಕ್ಕ ಸೀಟು, ಅದರದ್ದೇ ಬೆಲ್ಟು ಬೇಕು. ದಯವಿಟ್ಟು ಇವತ್ತೇ ಯೋಚಿಸಿ.

ಪ್ರಶ್ನೆ: ಭೂಮಿ ತಿರುಗುತ್ತಿದೆ ಅಂತ ಟೀಚರ್ ಹೇಳಿದರು. ನಾನು ಮೇಲಕ್ಕೆ ಹಾರಿದಾಗ ಕೆಳಗಿನ ನೆಲ ಮುಂದೆ ಹೋಗಿ ನಾನು ಬೇರೆ ಕಡೆ ಬೀಳಬೇಕಲ್ಲ? ಯಾಕೆ ಅಲ್ಲೇ ಬೀಳ್ತೀನಿ?
(8ನೇ ತರಗತಿ, ಹುಬ್ಬಳ್ಳಿ)

ಉತ್ತರ: ಭಲೇ ಪುಟ್ಟಿ! ಹುಬ್ಬಳ್ಳಿಯಲ್ಲಿ ನೆಲ ಗಂಟೆಗೆ ಸುಮಾರು 1,600 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಹೋಗುತ್ತಿದೆ. ಅರ್ಧ ಸೆಕೆಂಡು ಗಾಳಿಯಲ್ಲಿದ್ದರೆ ನೆಲ 200 ಮೀಟರಿಗಿಂತ ಜಾಸ್ತಿ ಮುಂದೆ ಹೋಗಿರುತ್ತದೆ. ಆದರೆ ಹಾರುವ ಮುಂಚೆ ನೀನೂ ಅದೇ ವೇಗದಲ್ಲಿ ಹೋಗುತ್ತಿದ್ದೆ ಅಲ್ವಾ? ಕಾಲು ನೆಲ ಬಿಟ್ಟಿತು ಅಂದ ಮಾತ್ರಕ್ಕೆ ಆ ವೇಗ ಎಲ್ಲೂ ಹೋಗುವುದಿಲ್ಲ, ಅದನ್ನು ಕಿತ್ತುಕೊಳ್ಳಲಿಕ್ಕೆ ಯಾವ ಬಲವೂ ಇಲ್ಲ. ಸುತ್ತಲಿನ ಗಾಳಿಯೂ ನಿನ್ನ ಜೊತೆಗೇ ಬರುತ್ತಿದೆ. ನೀನು, ನೆಲ, ಗಾಳಿ ಮೂವರೂ ಒಟ್ಟಿಗೆ ಹೋಗಿ ಒಟ್ಟಿಗೆ ಸೇರುತ್ತೀರಿ.

ಇದನ್ನು 1640ರಲ್ಲಿ ಪಿಯರ್ ಗಸೆಂಡಿ ಎಂಬಾತ ಫ್ರಾನ್ಸಿನ ಮಾರ್ಸೇಲ್ ಬಳಿ ಹಡಗಿನಲ್ಲಿ ಮಾಡಿ ತೋರಿಸಿದ. ಹಡಗು ಜೋರಾಗಿ ಹೋಗುತ್ತಿರುವಾಗಲೇ ಕಂಬದ ತುದಿಯಿಂದ ಕಲ್ಲು ಬಿಡಿಸಿದ. ಕಲ್ಲು ಹಿಂದೆ ಬೀಳಲಿಲ್ಲ, ಕಂಬದ ಬುಡಕ್ಕೇ ಬಿತ್ತು. ನೀನು ರೈಲಿನಲ್ಲಿ ಹೋಗುವಾಗ ಕೂತಲ್ಲೇ ಒಂದು ನಾಣ್ಯ ಮೇಲಕ್ಕೆ ಚಿಮ್ಮಿ ನೋಡು, ಅದೇ ಕೈಗೆ ಬರುತ್ತದೆ. ಕಿಟಕಿಯ ಹೊರಗೆ ಕೈ ಹಾಕಬೇಡ.

ಪ್ರಶ್ನೆ: ನಮ್ಮೂರ ದೊಡ್ಡ ಜಾತ್ರೆಯಲ್ಲಿ ತೇರು ಎಳೆಯುವವರಲ್ಲಿ ನಾನೂ ಒಬ್ಬ. ಹೊರಡಿಸುವಾಗ ಜೀವ ಹೋಗುತ್ತದೆ, ಒಂದು ಸಲ ಉರುಳಿದರೆ ಆಮೇಲೆ ಅಷ್ಟು ಕಷ್ಟ ಇಲ್ಲ. ಜಡತ್ವ ಅಂದರೆ ಇದೇನಾ? ಮಗಳು ಇನ್ನೊಂದು ಕೇಳುತ್ತಾಳೆ: ನಾವು ತೇರನ್ನು ಎಳೆದಷ್ಟೇ ತೇರು ನಮ್ಮನ್ನು ಎಳೆಯುತ್ತದೆ ಅನ್ನುವುದು ನ್ಯೂಟನ್ನನ ಮೂರನೇ ನಿಯಮ ಆದರೆ, ತೇರು ಹೊರಡುವುದಾದರೂ ಹೇಗೆ?
(ನಂಜನಗೂಡು)

ಉತ್ತರ: ಮೊದಲು ನಿಮ್ಮ ಪ್ರಶ್ನೆ. ಜಡತ್ವ ಇದೆ, ಆದರೆ ನಿಮ್ಮ ಜೀವ ತೆಗೆಯುವುದು ಮುಖ್ಯವಾಗಿ ಅದಲ್ಲ. ತೇರು 10 ಟನ್ ಅಂತ ಇಟ್ಟುಕೊಳ್ಳೋಣ, ಎಳೆಯುವವರು 100 ಜನ. ನಿಂತ ತೇರನ್ನು 5 ಸೆಕೆಂಡಿನಲ್ಲಿ ನಡಿಗೆಯ ವೇಗಕ್ಕೆ, ಅಂದರೆ ಸೆಕೆಂಡಿಗೆ 1 ಮೀಟರಿಗೆ ತರಬೇಕು. ಬರೀ ಜಡತ್ವ ಮೀರಲಿಕ್ಕೆ ಬೇಕಾದ ಬಲ 2,000 ನ್ಯೂಟನ್. ಒಬ್ಬೊಬ್ಬರ ಪಾಲಿಗೆ 20 ನ್ಯೂಟನ್, ಎರಡು ಕೆ.ಜಿ. ತೂಕ ಎತ್ತಿದಷ್ಟು. ಇಷ್ಟೇ ಆಗಿದ್ದರೆ ಮಕ್ಕಳೇ ಎಳೆದುಬಿಡುತ್ತಿದ್ದರು.

ನಿಜವಾದ ತೊಂದರೆ ಚಕ್ರದ ಬುಡದಲ್ಲಿದೆ. ಅಷ್ಟು ಭಾರ ನಿಂತಲ್ಲಿ ಚಕ್ರದಡಿಯ ನೆಲ ಸ್ವಲ್ಪ ತಗ್ಗಾಗಿರುತ್ತದೆ, ಚಕ್ರ ಮೊದಲು ಆ ತಗ್ಗನ್ನು ಹತ್ತಿ ಹೊರಬರಬೇಕು. ಅಚ್ಚು ಮತ್ತು ಚಕ್ರ ಒಂದಕ್ಕೊಂದು ಒತ್ತಿಕೊಂಡು ಕೂತಿರುತ್ತವೆ. ನಿಂತಿರುವಾಗಿನ ಘರ್ಷಣೆ ಜಾರುವಾಗಿನ ಘರ್ಷಣೆಗಿಂತ ಜಾಸ್ತಿ, ಬೀರು ಸರಿಸಿದವರಿಗೆಲ್ಲ ಇದು ಗೊತ್ತು. ಈ ಮಿತಿಯನ್ನು ಒಂದೇ ಕ್ಷಣದಲ್ಲಿ ದಾಟಬೇಕು. ಅದಕ್ಕೇ ಎಲ್ಲರೂ ಒಂದೇ ಕೂಗಿಗೆ ಎಳೆಯುವುದು, ಹಿಂದಿನಿಂದ ಚಕ್ರಕ್ಕೆ ಸನ್ನೆಕೋಲು ಹಾಕಿ ಎತ್ತುವುದು. ಐವತ್ತು ಜನ ಈಗ, ಐವತ್ತು ಜನ ಆಮೇಲೆ ಎಳೆದರೆ ತೇರು ಅಲುಗುವುದೇ ಇಲ್ಲ.

ಜಡತ್ವ ತನ್ನ ನಿಜವಾದ ಶಕ್ತಿ ತೋರಿಸುವುದು ನಿಲ್ಲಿಸುವಾಗ. ಅದೇ ತೇರನ್ನು ಅರ್ಧ ಸೆಕೆಂಡಿನಲ್ಲಿ ನಿಲ್ಲಿಸಬೇಕಾದರೆ 20,000 ನ್ಯೂಟನ್ ಬೇಕು, ಎರಡು ಟನ್ ತೂಕದಷ್ಟು. ಹಗ್ಗದಿಂದ ಎಳೆಯಬಹುದು, ಹಗ್ಗದಿಂದ ನೂಕಲಾಗುವುದಿಲ್ಲ, ಹಾಗಾಗಿ ಮುಂದಿರುವ ನೀವು ಏನೂ ಮಾಡಲಾರಿರಿ. ಚಕ್ರದಡಿಗೆ ಮರದ ತುಂಡು ಕೊಡುವವರ ಕೈಯಲ್ಲೇ ಎಲ್ಲರ ಜೀವ ಇರುತ್ತದೆ. ಅವರಿಗೆ ನನ್ನ ನಮಸ್ಕಾರ ತಿಳಿಸಿ. ಜನರನ್ನು ಚಕ್ರದ ಹತ್ತಿರ ಬಿಡಬೇಡಿ.

ಈಗ ಮಗಳಿಗೆ. ನೀನು ಹೇಳಿದ ಎರಡು ಬಲ ಸರಿಸಮ, ಎದುರುಬದುರು, ಎಲ್ಲಾ ನಿಜ. ಆದರೆ ಅವು ಒಂದರ ಮೇಲೆ ಒಂದು ಬಿದ್ದು ಅಳಿಸಿಹೋಗುವುದಿಲ್ಲ, ಯಾಕೆಂದರೆ ಒಂದು ಬಲ ತೇರಿನ ಮೇಲೆ, ಇನ್ನೊಂದು ನಿಮ್ಮಪ್ಪನ ಮೇಲೆ. ತೇರು ಹೊರಡುತ್ತದೋ ಇಲ್ಲವೋ ಅಂತ ನೋಡಲಿಕ್ಕೆ ತೇರಿನ ಮೇಲಿನ ಬಲಗಳನ್ನು ಮಾತ್ರ ಎಣಿಸು. ಹಗ್ಗ ಮುಂದಕ್ಕೆ, ನೆಲದ ತಡೆ ಹಿಂದಕ್ಕೆ. ಮುಂದಿನದು ಹೆಚ್ಚಾದರೆ ಹೊರಟಿತು. ಅಪ್ಪ ಯಾಕೆ ಹಿಂದಕ್ಕೆ ಬೀಳಲಿಲ್ಲ? ಅವರ ಮೇಲೂ ಎರಡು ಬಲ ಇವೆ. ಹಗ್ಗ ಹಿಂದಕ್ಕೆ ಎಳೆಯುತ್ತದೆ, ಅವರು ಪಾದ ಊರಿ ನೆಲವನ್ನು ಹಿಂದಕ್ಕೆ ಒತ್ತುತ್ತಾರೆ, ನೆಲ ಅವರನ್ನು ಮುಂದಕ್ಕೆ ತಳ್ಳುತ್ತದೆ. ನೆಲದ ಮೇಲೆ ಎಣ್ಣೆ ಚೆಲ್ಲಿದ್ದರೆ ಎಷ್ಟು ಗಟ್ಟಿಗರಿದ್ದರೂ ತೇರು ಹೋಗುವುದಿಲ್ಲ. ತೇರು ಎಳೆಯುವುದು ತೋಳು ಅಂತ ಕಂಡರೂ, ಕೊನೆಗೆ ಎಲ್ಲವೂ ಬಂದು ನಿಲ್ಲುವುದು ಅಂಗಾಲಿನಲ್ಲಿ.

ಪ್ರಶ್ನೆ: ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ರೂಮಿನಲ್ಲಿ ಗೋಡೆಯಿಂದ ಗೋಡೆಗೆ ನೈಲಾನ್ ಹಗ್ಗ ಕಟ್ಟಿದ್ದೇವೆ. ಜೋತು ಬೀಳಬಾರದು ಅಂತ ಯಜಮಾನರು ಚೆನ್ನಾಗಿ ಬಿಗಿದು ಕಟ್ಟಿದರು. ಒಂದೇ ಒಂದು ಒದ್ದೆ ಬೆಡ್‌ಶೀಟು ಹಾಕಿದ್ದಕ್ಕೆ ಗೋಡೆಯ ಹುಕ್ಕು ಕಿತ್ತುಬಂತು. ಅಷ್ಟೇನೂ ಭಾರ ಇರಲಿಲ್ಲ. ಹುಕ್ಕೇ ಸರಿ ಇಲ್ಲವಾ?
(ಗೃಹಿಣಿ, ಮಂಗಳೂರು)

ಉತ್ತರ: ಹುಕ್ಕಿನ ತಪ್ಪಿಲ್ಲ. ಬಿಗಿದು ಕಟ್ಟಿದ್ದೇ ತಪ್ಪಾಯಿತು. ಈ ಪತ್ರ ಓದಿ ನಾನು ನಮ್ಮ ಮನೆಯಲ್ಲೂ ಒಂದು ಹಗ್ಗ ಕಟ್ಟಿ, ನಡುವೆ ಒಂದು ತಂಬಿಗೆ ನೀರು ನೇತುಹಾಕಿ ನೋಡಿದೆ. ಅಷ್ಟು ಚೆನ್ನಾಗಿದೆ ಈ ಪ್ರಶ್ನೆ.

ಹಗ್ಗ ಎಳೆಯುವುದು ತನ್ನ ಉದ್ದಕ್ಕೇ, ಬೇರೆ ಕಡೆ ಎಳೆಯಲು ಅದಕ್ಕೆ ಬರುವುದಿಲ್ಲ. ಬಟ್ಟೆಯ ಭಾರ ನೇರ ಕೆಳಕ್ಕೆ. ಅದನ್ನು ಹೊರಬೇಕಾದರೆ ಮೇಲಕ್ಕೆ ಎಳೆಯುವವರು ಬೇಕು. ಹಗ್ಗ ಚೆನ್ನಾಗಿ ಜೋತಿದ್ದರೆ ಅದರ ಎಳೆತ ಸಾಕಷ್ಟು ಮೇಲ್ಮುಖವಾಗಿರುತ್ತದೆ. ಹಗ್ಗ ಬಹುಪಾಲು ಅಡ್ಡಡ್ಡ ಇದ್ದರೆ ಎಳೆತವೂ ಬಹುಪಾಲು ಅಡ್ಡಡ್ಡ, ಅದರಲ್ಲಿ ಮೇಲಕ್ಕೆ ಸಿಗುವ ಪಾಲು ಚೂರೇ ಚೂರು. ಆ ಚೂರಿನಲ್ಲೇ ಬಟ್ಟೆಯ ಭಾರ ಹೊರಬೇಕು ಅಂದರೆ ಒಟ್ಟು ಎಳೆತ ಬಹಳ ದೊಡ್ಡದಾಗಲೇಬೇಕು.

ಲೆಕ್ಕ ಹಾಕೋಣ. ಗೋಡೆಗಳ ನಡುವೆ 4 ಮೀಟರ್. ಒದ್ದೆ ಬೆಡ್‌ಶೀಟು 3 ಕೆ.ಜಿ., ಮಡಚಿ ಸರಿಯಾಗಿ ನಡುವೆ ಹಾಕಿದ್ದೀರಿ. ಹಗ್ಗ 40 ಸೆಂ.ಮೀ. ಜೋತರೆ ಹುಕ್ಕಿನ ಮೇಲಿನ ಎಳೆತ ಸುಮಾರು ಏಳೂವರೆ ಕೆ.ಜಿ. ತೂಕದಷ್ಟು. 10 ಸೆಂ.ಮೀ. ಮಾತ್ರ ಜೋತರೆ 30 ಕೆ.ಜಿ. ಬರೀ 4 ಸೆಂ.ಮೀ. ಜೋತರೆ 75 ಕೆ.ಜಿ. ಒಬ್ಬ ದೊಡ್ಡ ಮನುಷ್ಯ ಹುಕ್ಕಿಗೆ ಜೋತುಬಿದ್ದ ಹಾಗೆ! ಪೂರ್ತಿ ನೇರ ಇರಬೇಕು ಅಂದರೆ ಅದಕ್ಕೆ ಎಷ್ಟು ಬಲವೂ ಸಾಲದು, ಹಗ್ಗ ಹರಿಯಬೇಕು ಇಲ್ಲವೇ ಗೋಡೆ ಬಿಡಬೇಕು. ರಸ್ತೆ ಬದಿಯ ದೊಡ್ಡ ಕರೆಂಟ್ ತಂತಿಗಳು ಕಂಬದಿಂದ ಕಂಬಕ್ಕೆ ಜೋತುಕೊಂಡಿರುವುದನ್ನು ನೋಡಿರುತ್ತೀರಿ, ಬೇಕೆಂದೇ ಹಾಗೆ ಬಿಟ್ಟಿರುತ್ತಾರೆ.

ಹೊಸ ಹುಕ್ಕು ಹೊಡೆದಾಗ ಯಜಮಾನರಿಗೆ ಹೇಳಿ, ಒಂದು ಮೊಳದಷ್ಟು ಜೋತುಬಿಡಲಿ. ನೋಡಲಿಕ್ಕೆ ಚೆಂದ ಇರುವುದಿಲ್ಲ, ಹುಕ್ಕು ಉಳಿಯುತ್ತದೆ.

ಪ್ರಶ್ನೆ: ಬೇಲೂರಿನ ಚೆನ್ನಕೇಶವ ದೇವಸ್ಥಾನದ ಅಂಗಳದಲ್ಲಿರುವ ಎತ್ತರದ ಕಲ್ಲಿನ ಕಂಬಕ್ಕೆ ಪಾಯವೇ ಇಲ್ಲ, ಬುಡದಲ್ಲಿ ಕಾಗದ ತೂರಿಸಬಹುದು ಅಂತ ಗೈಡ್ ಹೇಳಿದರು. ಅಯಸ್ಕಾಂತ ಇರಬೇಕು ಅಂತ ನಮ್ಮ ಜೊತೆ ಬಂದವರು ಅಂದರು. ನಿಜಾನಾ?
(ಶಿವಮೊಗ್ಗ)

ಉತ್ತರ: ಕಂಬ ನಿಜ, ಅಯಸ್ಕಾಂತ ಸುಳ್ಳು. ಅದು ವಿಜಯನಗರದ ಕಾಲದ್ದು, ಸುಮಾರು 42 ಅಡಿ ಎತ್ತರ, ಕಟ್ಟೆಯ ಮೇಲೆ ತನ್ನ ಭಾರದಿಂದಲೇ ನಿಂತಿದೆ. ಕಾಗದ ಯಾಕೆ ತೂರುತ್ತದೆ ಅಂದರೆ, ಎರಡು ಕಲ್ಲುಗಳ ಮುಖ ಪೂರ್ತಿಯಾಗಿ ಒಂದಕ್ಕೊಂದು ಕೂರುವುದೇ ಇಲ್ಲ. ಎಷ್ಟು ನಯ ಮಾಡಿದರೂ ಕೆಲವೇ ಜಾಗದಲ್ಲಿ ತಾಗಿ, ಮಿಕ್ಕ ಕಡೆ ಸಣ್ಣ ಸಂದು ಉಳಿಯುತ್ತದೆ. ನಿಲ್ಲಲಿಕ್ಕೆ ಒಂದೇ ಗೆರೆಯಲ್ಲಿಲ್ಲದ ಮೂರು ಜಾಗ ತಾಗಿದರೂ ಸಾಕು. ಮೂರು ಕಾಲಿನ ಸ್ಟೂಲು ಸೊಟ್ಟ ನೆಲದ ಮೇಲೂ ಕುಣಿಯುವುದಿಲ್ಲ, ನಾಲ್ಕು ಕಾಲಿನದು ಕುಣಿಯುತ್ತದೆ, ಗಮನಿಸಿದ್ದೀರಾ?

ಬೀಳದಿರುವುದಕ್ಕೆ ಇರುವ ನಿಯಮ ಒಂದೇ. ಕಂಬದ ಭಾರವೆಲ್ಲ ಒಂದು ಬಿಂದುವಿನಲ್ಲಿದೆ ಅಂದುಕೊಳ್ಳಬಹುದು, ಅದಕ್ಕೆ ಗುರುತ್ವ ಕೇಂದ್ರ ಎಂದು ಹೆಸರು. ಆ ಬಿಂದುವಿನಿಂದ ನೇರ ಕೆಳಕ್ಕೆ ಒಂದು ದಾರ ಬಿಟ್ಟರೆ, ಅದು ತಾಗುವ ಜಾಗಗಳ ಒಳಗೆ ಬೀಳಬೇಕು. ಒಳಗೆ ಬಿದ್ದರೆ ಕಂಬದ ಭಾರ ಮತ್ತು ಕಟ್ಟೆ ಮೇಲಕ್ಕೆ ಒತ್ತುವ ಬಲ ಎರಡೂ ಸರಿದೂಗುತ್ತವೆ, ತಿರುಗಿಸಿ ಬೀಳಿಸುವ ಬಲ ಉಳಿಯುವುದಿಲ್ಲ. ಉದಾಹರಣೆಗೆ 42 ಅಡಿಯ ಒಂದೇ ಸಮ ದಪ್ಪದ ಕಂಬದ ಬುಡ 4 ಅಡಿ ಅಗಲ ಇದ್ದರೆ, ಅದು ಸುಮಾರು 5 ಡಿಗ್ರಿ ವಾಲುವ ತನಕ ಬೀಳುವುದಿಲ್ಲ. ಗಾಳಿ ಅಷ್ಟು ವಾಲಿಸಲಾರದು, ಕಲ್ಲು ಅಷ್ಟು ಭಾರ. ನನಗೆ ಕೈಮುಗಿಯಬೇಕು ಅನ್ನಿಸುವುದು ಅದನ್ನು ಇಷ್ಟು ನೆಟ್ಟಗೆ ಎತ್ತಿ ನಿಲ್ಲಿಸಿದ ಕೆಲಸಗಾರರಿಗೆ. ಅವರ ಜಾಣತನವನ್ನು ಅಯಸ್ಕಾಂತದ ಹೆಸರಿಗೆ ಬರೆಯುವುದು ನನಗೆ ಬೇಸರ.

ಮನೆಯಲ್ಲಿ ಒಂದು ಮಾಡಿ ನೋಡಿ. ಗೋಡೆಗೆ ಹಿಮ್ಮಡಿ, ಬೆನ್ನು ತಾಗಿಸಿ ನಿಂತು, ಮಂಡಿ ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟಿ. ಆಗುವುದಿಲ್ಲ, ಮುಂದಕ್ಕೆ ಮುಗ್ಗರಿಸುತ್ತೀರಿ. ದಿನಾ ಬಗ್ಗುವಾಗ ನಮ್ಮ ಸೊಂಟ ಗೊತ್ತಿಲ್ಲದ ಹಾಗೆ ಹಿಂದೆ ಸರಿದು ಗುರುತ್ವ ಕೇಂದ್ರವನ್ನು ಪಾದದ ಮೇಲೆ ಉಳಿಸುತ್ತದೆ. ಗೋಡೆ ಅದಕ್ಕೆ ಜಾಗ ಕೊಡುವುದಿಲ್ಲ. ವಯಸ್ಸಾದವರು ಮಾಡಬೇಡಿ.

ಪ್ರಶ್ನೆ: ಸೂರ್ಯನನ್ನು ನೋಡಲು ಇಸ್ರೋ ಕಳಿಸಿದ ಆದಿತ್ಯ ಎಲ್1 ನೌಕೆ ಇರುವ ಜಾಗದಲ್ಲಿ ಸೂರ್ಯನ ಸೆಳೆತ, ಭೂಮಿಯ ಸೆಳೆತ ಎರಡೂ ಸಮ, ಅದಕ್ಕೇ ಅದು ಅಲ್ಲಿ ಸುಮ್ನೆ ನಿಂತಿರುತ್ತದೆ ಅಂತ ಓದಿದೆ. ಹಾಗಾದರೆ ಅದು ಸಮತೋಲನದಲ್ಲಿದೆ ಅನ್ನಬಹುದಾ?
(ಬಿ.ಎಸ್ಸಿ. ವಿದ್ಯಾರ್ಥಿನಿ, ಹೊಸಕೋಟೆ)

ಉತ್ತರ: ನಿಮ್ಮೂರಿಗೂ ಆ ನೌಕೆಗೂ ನಂಟಿದೆ ಗೊತ್ತಾ? ಅದರ ಮುಖ್ಯ ಉಪಕರಣ, ಸೂರ್ಯನ ಸುತ್ತಲಿನ ಪ್ರಭೆಯನ್ನು ನೋಡುವ ವೆಲ್ಕ್, ರೂಪುಗೊಂಡದ್ದು ಭಾರತೀಯ ಖಗೋಳಭೌತ ಸಂಸ್ಥೆಯ ಹೊಸಕೋಟೆ ಆವರಣದಲ್ಲಿ. 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟಾದಿಂದ ಹೊರಟ ನೌಕೆ 2024ರ ಜನವರಿ 6ರಂದು ತನ್ನ ಜಾಗ ಸೇರಿತು.

ನೀನು ಓದಿದ ಆ ವಾಕ್ಯವನ್ನು ನಾನೂ ಎಷ್ಟೋ ಕಡೆ ಓದಿದ್ದೇನೆ. ಅದು ತಪ್ಪು. ಎರಡು ಸೆಳೆತ ಸಮ ಇರುವ ಜಾಗ ಭೂಮಿಯಿಂದ ಸುಮಾರು 2.6 ಲಕ್ಷ ಕಿ.ಮೀ. ದೂರದಲ್ಲಿದೆ, ಚಂದ್ರನಿಗಿಂತಲೂ ಹತ್ತಿರ. ನೌಕೆಯ ಜಾಗವಾದ ಎಲ್1 ಎಂಬ ಬಿಂದು ಇರುವುದು ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ದೂರದಲ್ಲಿ. ಅಲ್ಲಿ ಸೂರ್ಯನ ಸೆಳೆತ ಭೂಮಿಯ ಸೆಳೆತಕ್ಕಿಂತ ಸುಮಾರು 34 ಪಟ್ಟು ಜಾಸ್ತಿ. ಸಮದ ಮಾತೇ ಇಲ್ಲ.

ಹಾಗಾದರೆ ಅಲ್ಲೇನು ವಿಶೇಷ? ದಾವಣಗೆರೆಯ ಹುಡುಗನಿಗೆ ಹೇಳಿದ ತಿರುವಿನ ಮಾತು ನೆನಪಿಸಿಕೋ. ಭೂಮಿ ಸೂರ್ಯನ ಸುತ್ತ ತಿರುಗುತ್ತಲೇ ಇದೆ, ಆದಿತ್ಯವೂ ತಿರುಗುತ್ತಿದೆ. ದಿಕ್ಕು ಪ್ರತಿ ಕ್ಷಣ ಬದಲಾಗುತ್ತಿದೆ, ಹಾಗಾಗಿ ಒಟ್ಟು ಬಲ ಸೊನ್ನೆ ಇರಲಿಕ್ಕೆ ಸಾಧ್ಯವೇ ಇಲ್ಲ. ಸೂರ್ಯನಿಗೆ ಹತ್ತಿರ ಇದ್ದಷ್ಟೂ ಸುತ್ತು ಬೇಗ ಮುಗಿಯುತ್ತದೆ, ಶುಕ್ರ ಗ್ರಹಕ್ಕೆ 225 ದಿನ ಸಾಕು. ಎಲ್1 ಭೂಮಿಗಿಂತ ಸೂರ್ಯನಿಗೆ ನೂರಕ್ಕೆ ಒಂದು ಪಾಲು ಹತ್ತಿರ. ಬರೀ ಸೂರ್ಯ ಇದ್ದಿದ್ದರೆ ಅಲ್ಲಿರುವ ನೌಕೆ ಸುಮಾರು 360 ದಿನದಲ್ಲೇ ಒಂದು ಸುತ್ತು ಮುಗಿಸಿ, ವರ್ಷದಿಂದ ವರ್ಷಕ್ಕೆ ಭೂಮಿಯನ್ನು ಬಿಟ್ಟು ಮುಂದೆ ಹೋಗಿಬಿಡುತ್ತಿತ್ತು. ಭೂಮಿ ಹಿಂದಿನಿಂದ ಒಂಚೂರು ಎಳೆದು ಸೂರ್ಯನ ಸೆಳೆತವನ್ನು ಬೇಕಾದಷ್ಟೇ ತಗ್ಗಿಸುತ್ತದೆ. ಆಗ ಸುತ್ತು ಸರಿಯಾಗಿ ಒಂದು ವರ್ಷಕ್ಕೆ ಬರುತ್ತದೆ, ನೌಕೆ ಸದಾ ಭೂಮಿಯ ಜೊತೆಜೊತೆಗೇ ಇರುತ್ತದೆ. ಈ ಲೆಕ್ಕ ನನಗೆ ಮೊದಲ ಸಲ ಅರ್ಥವಾದ ದಿನ ರಾತ್ರಿ ಬಹಳ ಹೊತ್ತು ನಿದ್ದೆ ಬಂದಿರಲಿಲ್ಲ. 34ರಲ್ಲಿ ಒಂದು ಪಾಲು ಎಳೆತ, ಅದು ಇಷ್ಟು ದೊಡ್ಡ ಕೆಲಸ ಮಾಡುತ್ತದೆ!

ಭೂಮಿಯ ಜೊತೆಗೇ ತಿರುಗುತ್ತಾ ನೋಡುವವರ ಕಣ್ಣಿಗೆ ಮಾತ್ರ ಎಲ್1 ನಿಂತ ಜಾಗ, ಅವರ ಲೆಕ್ಕದಲ್ಲಿ ಅದನ್ನು ಸಮತೋಲನ ಬಿಂದು ಅನ್ನಬಹುದು. ಆದರೆ ಅದು ಬಟ್ಟಲಿನೊಳಗಿನ ಗೋಲಿಯಂಥ ಸಮತೋಲನ ಅಲ್ಲ. ಬಟ್ಟಲಿನ ಗೋಲಿ ಆಚೀಚೆ ಸರಿದರೆ ತಾನಾಗೇ ನಡುವಿಗೆ ಬರುತ್ತದೆ. ಇದು ಅಂಗೈ ಮೇಲೆ ನೆಟ್ಟಗೆ ನಿಲ್ಲಿಸಿದ ಕೋಲಿನಂಥದ್ದು, ಸ್ವಲ್ಪ ಸರಿದರೆ ಇನ್ನೂ ಸರಿಯುತ್ತಲೇ ಹೋಗುತ್ತದೆ. ಅದಕ್ಕೇ ಆಗಾಗ ನೌಕೆಯ ಸಣ್ಣ ರಾಕೆಟ್‌ಗಳನ್ನು ಹಚ್ಚಿ ದಾರಿ ಸರಿಮಾಡಬೇಕು. ಮತ್ತೆ, ನೌಕೆ ಆ ಬಿಂದುವಿನಲ್ಲೇ ಕೂತಿಲ್ಲ, ಅದರ ಸುತ್ತ ದೊಡ್ಡ ಕುಣಿಕೆಯಂಥ ದಾರಿಯಲ್ಲಿ ಸುತ್ತುತ್ತಿದೆ, ಒಂದು ಸುತ್ತಿಗೆ ಸುಮಾರು 178 ದಿನ. ಸುಮ್ನೆ ನಿಂತಿದೆ ಅನ್ನುವ ಹಾಗೇ ಇಲ್ಲ.

ಪ್ರಶ್ನೆ: ಬೇಯಿಸಿದ ಮೊಟ್ಟೆ, ಹಸಿ ಮೊಟ್ಟೆ ಒಂದೇ ಬುಟ್ಟಿಯಲ್ಲಿ ಸೇರಿಹೋದವು. ಒಡೆಯದೆ ಕಂಡುಹಿಡಿಯೋದು ಹೇಗೆ?
(ಹಾಸ್ಟೆಲ್ ಹುಡುಗರು, ಕಲಬುರಗಿ)

ಉತ್ತರ: ಅಗಲವಾದ ತಟ್ಟೆಯಲ್ಲಿ ಒಂದೊಂದಾಗಿ ಬುಗುರಿಯ ಹಾಗೆ ತಿರುಗಿಸಿ. ತಿರುಗುತ್ತಿರುವಾಗಲೇ ಮೇಲಿಂದ ಬೆರಳಿಟ್ಟು ನಿಲ್ಲಿಸಿ, ತಕ್ಷಣ ಬೆರಳು ತೆಗೆಯಿರಿ. ಬೆಂದಿದ್ದು ನಿಂತೇ ಇರುತ್ತದೆ, ಒಳಗೂ ಹೊರಗೂ ಒಂದೇ ಗಟ್ಟಿ. ಹಸಿಯದು ಮತ್ತೆ ಮೆಲ್ಲಗೆ ತಿರುಗಲು ಶುರು ಮಾಡುತ್ತದೆ. ನೀವು ನಿಲ್ಲಿಸಿದ್ದು ಚಿಪ್ಪನ್ನು ಮಾತ್ರ, ಒಳಗಿನ ಲೋಳೆ ಇನ್ನೂ ತಿರುಗುತ್ತಲೇ ಇತ್ತು. ಮೊದಲ ಮೊಟ್ಟೆಯನ್ನು ತಟ್ಟೆಯ ಅಂಚಿನಿಂದ ದೂರ, ನಡುವೆ ತಿರುಗಿಸಿ, ಉರುಳಿ ಬೀಳದಿರಲಿ.